ಸೋತದ್ದು ತಂಡ, ಕುದಿಯುವುದು ಅಭಿಮಾನಿ

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ತಂಡ ಭಾರಿ ಅಂತರದಿಂದ ಸೋತರೆ ಅಭಿಮಾನಿಗಳಿಗೆ ಅಷ್ಟೊಂದು ಸಿಟ್ಟೇಕೆ?

ತಂಡದ ಮಾನ ತನ್ನದೇ ಮಾನವೆಂದು ಅಭಿಮಾನಿ ನಂಬಿರುವುದರಿಂದ. ಮದುವೆಮನೆಯಲ್ಲಿ ಅಡುಗೆ ಕೆಟ್ಟರೆ ನೆಂಟರು ಮರೆತಾರು, ಮನೆಯವರು ತಲೆಯೆತ್ತಲಾರರು; ಕ್ಲಬ್ಬಿನ ಸದಸ್ಯತ್ವ ಪಡೆದು, ಅದರ ಬಣ್ಣದ ಮಫ್ಲರ್ ಸುತ್ತಿ ಬಂದವರು ಇಲ್ಲಿ ಮನೆಯವರೇ. 2011ರ ಜುಲೈನ ಒಂದು ಪಂದ್ಯ ನೋಡಿ: ಜೀಲಾಂಗ್ ತಂಡಕ್ಕೆ 233 ಅಂಕ, ಮೆಲ್ಬರ್ನ್ ತಂಡಕ್ಕೆ 47. ಗೋಲಿಗೆ 6 ಅಂಕ. ಜೀಲಾಂಗ್ ಹೊಡೆದದ್ದು 37 ಗೋಲು, ಉಳಿದದ್ದು ಬಿಡಿ ಅಂಕ. ಪ್ರತಿ ಗೋಲಿನ ನಂತರ ಚೆಂಡು ಮತ್ತೆ ನಡುಮೈದಾನಕ್ಕೆ ಬರುತ್ತದೆ, ಆಸೆ ಚಿಗುರಿ ಮತ್ತೆ ಮುರಿಯುತ್ತದೆ. ಕೂದಲೆಳೆಯ ಸೋಲೇ ಹೆಚ್ಚು ನೋಯಿಸುವುದಿಲ್ಲವೇ ಎನ್ನಬಹುದು. ನೋಯಿಸುತ್ತದೆ, ಆದರೆ ಅಲ್ಲಿ ಅದೃಷ್ಟವನ್ನು ದೂರಬಹುದು. 186 ಅಂಕಗಳ ಸೋಲಿಗೆ ಆ ನೆಪವಿಲ್ಲ; ಆಟಗಾರರು ಕೈಚೆಲ್ಲಿದರೆಂಬ ಅನುಮಾನ ನೋವನ್ನು ಸಿಟ್ಟಾಗಿಸುತ್ತದೆ, ಸಿಟ್ಟು ಹೊಣೆಗಾರನನ್ನು ಹುಡುಕುತ್ತದೆ. ಎರಡೇ ದಿನದೊಳಗೆ ಮೆಲ್ಬರ್ನ್ ತನ್ನ ಕೋಚ್ ಡೀನ್ ಬೇಲಿಯನ್ನು ಕೆಲಸದಿಂದ ತೆಗೆಯಿತು.