ನೆರಳಿನಲ್ಲಿ ಕಾಣುವ ಶರೀರ: ಶ್ವಾನಾಂಗರಚನೆಯ ಅಧ್ಯಯನದಲ್ಲಿ ಕಿರಣಚಿತ್ರಗಳು

ಶರೀರದ ರಚನೆಯನ್ನು ಅರಿಯಲು ಶರೀರವನ್ನೇ ನೋಡಬೇಕೆಂಬುದು ಸರ್ವಸಮ್ಮತವಾದ ಮಾತು. ಪಶುವೈದ್ಯ ವಿದ್ಯಾರ್ಥಿಗೆ ನಾಯಿಯ ಅಂಗರಚನೆಯ ಪ್ರತ್ಯಕ್ಷಜ್ಞಾನವು ಬಹುಕಾಲದವರೆಗೆ ಮೃತದೇಹದ ಛೇದನದಿಂದಲೇ ದೊರೆಯಬೇಕಾಗಿದ್ದಿತು. ಆದರೆ ಮೃತದೇಹದಲ್ಲಿ ಹೃದಯ ಮಿಡಿಯದು, ಶ್ವಾಸಕೋಶ ಅರಳದು. ಒಮ್ಮೆ ಕತ್ತರಿಸಿದ ಅಂಗವು ಮತ್ತೆ ತನ್ನ ನೆಲೆಯನ್ನು ಸೇರದು. 1895ರಲ್ಲಿ ಜರ್ಮನಿಯ ಭೌತವಿಜ್ಞಾನಿ ವಿಲ್‌ಹೆಲ್ಮ್ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ, ಜೀವಂತ ದೇಹವನ್ನು ಕತ್ತರಿಸದೆಯೇ ಅದರ ಒಳಗನ್ನು ಕಾಣುವ ಮಾರ್ಗ ತೆರೆಯಿತು.

ಕ್ಷ-ಕಿರಣಚಿತ್ರವು ತತ್ತ್ವತಃ ಒಂದು ನೆರಳು. ಸುಣ್ಣಾಂಶ ತುಂಬಿದ ಎಲುಬು ಕಿರಣಗಳನ್ನು ತಡೆಯುವುದರಿಂದ ಬೆಳ್ಳಗೂ, ಗಾಳಿ ತುಂಬಿದ ಶ್ವಾಸಕೋಶವು ಕಪ್ಪಾಗಿಯೂ ತೋರುತ್ತವೆ. ದೇಹದ ದಪ್ಪವೆಲ್ಲ ಒಂದೇ ಹಾಳೆಯ ಮೇಲೆ ಬೀಳುವುದರಿಂದ ಅಂಗದ ಮೇಲೆ ಅಂಗವು ಕವಿಯುತ್ತದೆ. ಆದುದರಿಂದ ಪಕ್ಕದಿಂದೊಂದು, ಬೆನ್ನು-ಹೊಟ್ಟೆಗಳ ದಿಕ್ಕಿನಿಂದೊಂದು ಚಿತ್ರ ತೆಗೆದು, ಎರಡನ್ನೂ ಜೊತೆಗಿಟ್ಟು ಓದುವುದು ಕ್ರಮ. ಮನುಷ್ಯನಿಗೆ 12 ಜೊತೆ ಪಕ್ಕೆಲುಬುಗಳಿದ್ದರೆ ನಾಯಿಗೆ 13 ಜೊತೆ ಎಂಬುದನ್ನು ವಿದ್ಯಾರ್ಥಿಯು ಇಲ್ಲಿ ತಾನೇ ಎಣಿಸಿಕೊಳ್ಳಬಲ್ಲನು. ಮನುಷ್ಯನಲ್ಲಿ ಭುಜವನ್ನು ಎದೆಗೂಡಿಗೆ ಬಂಧಿಸುವ ಕೊರಳೆಲುಬು ನಾಯಿಯಲ್ಲಿ ಹೆಸರಿಗಷ್ಟೇ ಉಳಿದಿದೆ. ಅದರ ಮುಂಗಾಲು ಸ್ನಾಯುಗಳಿಂದಲೇ ಮುಂಡಕ್ಕೆ ತೂಗಿಕೊಂಡಿದೆ. ಓಟದಲ್ಲಿ ಅದು ಹೆಜ್ಜೆಯನ್ನು ನೀಳವಾಗಿ ಚಾಚಬಲ್ಲುದಕ್ಕೆ ಇದೂ ಒಂದು ಕಾರಣ.

ಕವಿದ ನೆರಳುಗಳನ್ನು ಬಿಡಿಸುವ ಕಾರ್ಯವು ಸಿ.ಟಿ. ಸ್ಕ್ಯಾನಿನಿಂದ ಸಾಧ್ಯವಾಯಿತು. 1971ರಲ್ಲಿ ಲಂಡನ್ನಿನಲ್ಲಿ ಮೊದಲು ಮನುಷ್ಯರೋಗಿಗೆ ಪ್ರಯೋಗಿಸಲ್ಪಟ್ಟ ಈ ವಿಧಾನವು ತರುವಾಯ ಪಶುವೈದ್ಯಕ್ಕೂ ಬಂದಿತು. ದೇಹವನ್ನು ತೆಳುವಾದ ಪದರಗಳಂತೆ ಒಂದೊಂದಾಗಿ ತೋರಿಸುವುದು ಇದರ ವೈಶಿಷ್ಟ್ಯ. ಮುಧೋಳದ ಬೇಟೆನಾಯಿಯ ನೀಳವಾದ ತಲೆಯನ್ನೂ ಪಗ್ ನಾಯಿಯ ಮೊಟಕು ಮೂತಿಯನ್ನೂ ಹೀಗೆ ಹೋಲಿಸಿದರೆ, ಎಲುಬು ಕುಗ್ಗಿದರೂ ಮೃದುವಾದ ಅಂಗುಳು ಅದಕ್ಕೆ ತಕ್ಕಂತೆ ಕುಗ್ಗದೆ ಪಗ್‌ನ ಉಸಿರಿಗೆ ಅಡ್ಡಿಯಾಗುವ ಬಗೆ ತಿಳಿಯುತ್ತದೆ. ಬೆನ್ನುಹುರಿ, ಮಿದುಳು ಮೊದಲಾದ ಮೃದುಭಾಗಗಳಿಗೆ ಎಂ.ಆರ್.ಐ. ಹೆಚ್ಚು ಉಪಯುಕ್ತ. ಅಲ್ಟ್ರಾಸೌಂಡಿನಲ್ಲಂತೂ ಹೃದಯದ ಕವಾಟಗಳು ತೆರೆದು ಮುಚ್ಚುವುದೇ ಕಣ್ಣಿಗೆ ಬೀಳುತ್ತದೆ.

ಆದರೆ ಯಂತ್ರವು ಚಿತ್ರವನ್ನು ಕೊಡುವುದೇ ಹೊರತು ಅರ್ಥವನ್ನಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವವನು ಅವೆರಡರ ಸಂಬಂಧವನ್ನು ಮೊದಲೇ ಬಲ್ಲವನಾಗಿರಬೇಕೆಂದು ತರ್ಕಶಾಸ್ತ್ರವು ಹೇಳುತ್ತದೆ. ನೆರಳನ್ನು ಓದುವವನಿಗೂ ಇದೇ ನಿಯಮ. ಎಳೆಯ ನಾಯಿಮರಿಯ ಕಾಲಿನ ಚಿತ್ರದಲ್ಲಿ ಎಲುಬಿನ ತುದಿಯ ಬಳಿ ಒಂದು ಕಪ್ಪು ಗೆರೆ ಕಾಣುತ್ತದೆ. ಅನನುಭವಿಯು ಅದನ್ನು ಮುರಿತವೆಂದು ಭ್ರಮಿಸಿ ಕಟ್ಟು ಹಾಕಲು ಹೊರಟಾನು. ವಾಸ್ತವವಾಗಿ ಅದು ಎಲುಬು ಉದ್ದಕ್ಕೆ ಬೆಳೆಯುವ ಮೃದ್ವಸ್ಥಿಯ ಪಟ್ಟಿ. ಪ್ರಾಯ ಬಂದಂತೆ ಅದು ಗಟ್ಟಿಯಾಗಿ ಗೆರೆ ಮಾಯುತ್ತದೆ. ಸಂಶಯ ಬಂದಲ್ಲಿ ಮತ್ತೊಂದು ಕಾಲಿನ ಚಿತ್ರದೊಡನೆ ಹೋಲಿಸುವುದು ಸುಲಭವಾದ ಪರೀಕ್ಷೆ. ಎಲುಬನ್ನು ಕೈಯಲ್ಲಿ ಹಿಡಿದು ಕಲಿತವನಿಗೆ ಈ ಭ್ರಮೆ ಬೇಗ ಹರಿಯುತ್ತದೆ. ಆದುದರಿಂದ ಛೇದನಾಭ್ಯಾಸವನ್ನು ಕಿರಣಚಿತ್ರವು ಪೂರ್ಣಗೊಳಿಸುತ್ತದೆಯಲ್ಲದೆ ಅನಾವಶ್ಯಕವಾಗಿಸುವುದಿಲ್ಲ.

ಈ ವಿದ್ಯೆಗೆ ಇನ್ನೊಂದು ಹಿರಿಮೆಯುಂಟು. ಚಿಕಿತ್ಸೆಗಾಗಿ ಒಂದು ನಾಯಿಯಿಂದ ತೆಗೆದ ಚಿತ್ರವನ್ನು ಕಾದಿರಿಸಿ ನೂರಾರು ವಿದ್ಯಾರ್ಥಿಗಳಿಗೆ ಪಾಠ ಹೇಳಬಹುದು. ಅದಕ್ಕಾಗಿ ಮತ್ತೊಂದು ಪ್ರಾಣಿಯನ್ನು ನೋಯಿಸಬೇಕಾಗಿಲ್ಲ. ಪಾಠವನ್ನು ಕೊಟ್ಟ ನಾಯಿಯು ಗುಣಹೊಂದಿ ತನ್ನ ಮನೆಗೆ ಮರಳುತ್ತದೆ. ಮೂಕಪ್ರಾಣಿಯು ತನ್ನ ನೋವಿನ ನೆಲೆಯನ್ನು ಹೇಳಲಾರದು. ಅದನ್ನು ಅರಿಯುವ ಹೊಣೆ ವೈದ್ಯನದು. ಆ ಅರಿವನ್ನು ದಯೆಗೆ ಎರವಾಗದೆ ಗಳಿಸುವಂತಾದುದೇ ಈ ನೆರಳಿನ ವಿದ್ಯೆಯ ಸಾರ್ಥಕತೆ.