ಕಲ್ಲು ಓದಿದ ಯಜ್ದಾನಿ

ಹುಮನಾಬಾದಿನಿಂದ ಜಲಸಂಗ್ವಿ ದೂರವೇನಲ್ಲ. ಅಲ್ಲಿನ ಈಶ್ವರನ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಫಲಕ ಹಿಡಿದು ಬರೆಯುತ್ತ ನಿಂತಿದ್ದಾಳೆ. ಹತ್ತಿರ ಹೋಗಿ ನೋಡಿದರೆ ಫಲಕದ ಮೇಲೆ ನಿಜವಾಗಿಯೂ ಅಕ್ಷರಗಳಿವೆ: ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಪದ್ಯ. ಶಿಲ್ಪವೂ ಶಾಸನವೂ ಒಂದೇ ಕಲ್ಲಿನಲ್ಲಿ. ಈ ಎರಡನ್ನೂ ಜೊತೆಗಿಟ್ಟು ನೋಡುವುದನ್ನು ನಮ್ಮ ಸೀಮೆಗೆ ಕಲಿಸಿದವರಲ್ಲಿ ದೊಡ್ಡ ಹೆಸರು ಗುಲಾಂ ಯಜ್ದಾನಿ.

1885ರಲ್ಲಿ ದೆಹಲಿಯಲ್ಲಿ ಹುಟ್ಟಿದ ಯಜ್ದಾನಿ ಅರಬ್ಬಿ, ಫಾರಸಿ ಶಾಸನಗಳ ವಿದ್ವಾಂಸರು. 1914ರಲ್ಲಿ ನಿಜಾಮ್ ಸರ್ಕಾರ ಪುರಾತತ್ವ ಇಲಾಖೆ ತೆರೆದಾಗ ಅದರ ಹೊಣೆ ಹೊತ್ತರು; 1943ರವರೆಗೂ ಅವರೇ ನಿರ್ದೇಶಕರು. ಕಲ್ಯಾಣ, ಹುಮನಾಬಾದ್, ಬೀದರ್ ಎಲ್ಲವೂ ಆಗ ಹೈದರಾಬಾದ್ ಸಂಸ್ಥಾನದವು. ಹೈದರಾಬಾದಿನ ಬಾಗ್-ಎ-ಆಮ್‌ನಲ್ಲಿ ವಸ್ತುಸಂಗ್ರಹಾಲಯ ನೆಲೆಗೊಂಡದ್ದೂ ಅವರ ಕಾಲದಲ್ಲೇ.

ಅವರನ್ನು ಲೋಕಕ್ಕೆ ಪರಿಚಯಿಸಿದ್ದು ಅಜಂತಾ. ಉದುರುತ್ತಿದ್ದ ಚಿತ್ರಗಳನ್ನು ಉಳಿಸಲು 1920ರಲ್ಲಿ ಇಟಲಿಯಿಂದ ಪರಿಣತರು ಬಂದರು. ಗಾರೆ ಗೋಡೆಗೆ ಮತ್ತೆ ಅಂಟಿಕೊಂಡಿತು, ನಿಜ. ಆದರೆ ಅಂದು ಬಳಿದ ವಾರ್ನಿಷ್ ಮುಂದೆ ಹಳದಿಗಟ್ಟಿ ಬಣ್ಣಗಳನ್ನು ಮಂಕಾಗಿಸಿತು. 1930ರಿಂದ 1955ರವರೆಗೆ ಯಜ್ದಾನಿ ನಾಲ್ಕು ಭಾಗಗಳಲ್ಲಿ ಹೊರತಂದ ಅಜಂತಾ ಚಿತ್ರಸಂಪುಟಗಳಿಗೆ ಆದ್ದರಿಂದಲೇ ಇವತ್ತು ಇನ್ನಷ್ಟು ಬೆಲೆ.

ನನಗೆ ಮಾತ್ರ ಅವರ ಬೀದರ್ ಗ್ರಂಥವೇ ಹೆಚ್ಚು ಪ್ರಿಯ. 1947ರಲ್ಲಿ ಬಂದ ಆ ಪುಸ್ತಕ ಕೋಟೆಯ ಬಾಗಿಲುಗಳು, ಮಹಲುಗಳು, ಸಮಾಧಿಗಳನ್ನು ಒಂದೊಂದಾಗಿ ನಕ್ಷೆ, ಅಳತೆಗಳ ಸಮೇತ ಹೇಳುತ್ತದೆ. ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಯನ್ನು ನೋಡಿ. ಚಿಪ್ಪಿನ ಚೂರು ಎಷ್ಟೋ, ಕಲ್ಲಿನಲ್ಲಿ ಕೊರೆದ ಗೂಡೂ ಅಷ್ಟೇ. ಕೂದಲೆಳೆಯಷ್ಟು ಹೆಚ್ಚು ಕೊರೆದರೂ ಬಳ್ಳಿ ಕೆಟ್ಟಿತು. ಇಂಥ ಕಸುಬಿನ ಮುಂದೆ ತಾಳ್ಮೆಯಿಂದ ನಿಲ್ಲುವುದು ಆ ಪುಸ್ತಕದ ಗುಣ.

1960ರಲ್ಲಿ, ಸಾಯುವುದಕ್ಕೆ ಎರಡು ವರ್ಷ ಮೊದಲು, ಯಜ್ದಾನಿ ದಖನ್ನಿನ ಪ್ರಾಚೀನ ಇತಿಹಾಸದ ಎರಡು ಸಂಪುಟಗಳನ್ನು ಸಂಪಾದಿಸಿ ಪ್ರಕಟಿಸಿದರು. ಅದರಲ್ಲಿ ಕಲ್ಯಾಣದ ಚಾಲುಕ್ಯರ ಭಾಗ ನೀಲಕಂಠ ಶಾಸ್ತ್ರಿಗಳದು, ಲಲಿತಕಲೆಗಳ ಭಾಗ ಸ್ವತಃ ಯಜ್ದಾನಿಯವರದು. ಫಾರಸಿ ಶಾಸನದಿಂದ ಹೊರಟ ಓದು ಚಾಲುಕ್ಯರ ಗುಡಿಯವರೆಗೂ ಬಂದಿತ್ತು.

ಬಸವಕಲ್ಯಾಣದ ಕೋಟೆಗೆ ಹೋದಾಗಲೆಲ್ಲ ಅವರು ನೆನಪಾಗುತ್ತಾರೆ. ಕೋಟೆಯಲ್ಲಿ ಫಾರಸಿ ಬರಹ, ಒಳಗಿನ ಪುಟ್ಟ ಸಂಗ್ರಹಾಲಯದಲ್ಲಿ ಜೈನ ಮೂರ್ತಿಗಳು. ನಾನು ಮೊದಲು ಬರಹದ ಮುಂದೆ ನಿಲ್ಲುತ್ತೇನೆ, ಆಮೇಲೆ ಮೂರ್ತಿಗಳ ಹತ್ತಿರ ಹೋಗುತ್ತೇನೆ.