ಕಾಯಿಲೆಯ ಹೆಸರು ಹೇಳುವ ಹೊತ್ತು

ನಮ್ಮ ದೊಡ್ಡಪ್ಪನಿಗೆ ಆಗಿದ್ದು ಬಾಯಿ ಕ್ಯಾನ್ಸರ್. ಪಿರಿಯಾಪಟ್ಟಣದ ಕಡೆಯ ಆ ಮನೆಯಲ್ಲಿ ಎಲ್ಲರೂ ಅದನ್ನು ‘ಬಾಯಿಹುಣ್ಣು’ ಅಂತಲೇ ಕರೆದೆವು. ದೊಡ್ಡಪ್ಪ ನಡುಮನೆಗೆ ಬಂದರೆ ಸಾಕು, ಮಾತು ಮಳೆ ಬೆಳೆಗೆ ಹೊರಳುತ್ತಿತ್ತು. ಅವರಿಗೆ ಎಲ್ಲವೂ ಗೊತ್ತಿತ್ತು. ನಮಗೆ ನೋವಾದೀತೆಂದು ಅವರೂ ಬಾಯಿ ಬಿಡಲಿಲ್ಲ. ತುಂಬಿದ ಮನೆಯಲ್ಲಿ ಒಬ್ಬಂಟಿಯಾಗಿಬಿಟ್ಟರು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಹೊಗೆಸೊಪ್ಪಿನ ಸೀಮೆ. ಎಲೆಅಡಿಕೆಯ ಜತೆ ಕಡ್ಡಿಪುಡಿ ಹಾಕಿಕೊಳ್ಳುವುದು ಇಲ್ಲಿ ಹಿರಿಯರಿಗೆ ಊಟದಷ್ಟೇ ಸಹಜ. ಬಾಯಿಯ ಹುಣ್ಣು ಮಾಯದೆ ಉಳಿದ ಮನೆಗಳಲ್ಲಿ ಇದೇ ಮೌನವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಆ ಮೌನ ಮುರಿಯುವ ವೈದ್ಯವೊಂದಿದೆ. ಅದೇ ಉಪಶಮನ ಆರೈಕೆ, ಪ್ಯಾಲಿಯೇಟಿವ್ ಕೇರ್. ‘ಮನೆಗೆ ಕರ್ಕೊಂಡು ಹೋಗಿ’ ಎಂದು ಡಾಕ್ಟರು ಕೈಚೆಲ್ಲಿದ ಮೇಲಿನ ಕೆಲಸವಿದು ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಕಾಯಿಲೆ ಗೊತ್ತಾದ ದಿನದಿಂದಲೇ, ಚಿಕಿತ್ಸೆಯ ಜತೆಜತೆಗೇ ಇದು ಶುರುವಾಗಬೇಕು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್, ನೋವು ಮೈಯದಷ್ಟೇ ಅಲ್ಲ, ಮನಸ್ಸಿನದೂ ಸಂಸಾರದ್ದೂ ಹೌದು ಎಂದರು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಹಚ್ಚಿದ ದೀಪ ಕೇರಳದ ಊರೂರಿಗೆ ಹಬ್ಬಿತು. ಬಾವಲಿ ಗಡಿಯಾಚೆಯ ವಯನಾಡಿಗೂ ಮುಟ್ಟಿತು.

ಈಚೆ ನಮ್ಮಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಡನೆ ಕಟ್ಟಿದ ಸಂಸ್ಥೆ ಇದು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರಿಗೆ ಔಷಧಿ ಕೊಡುತ್ತ ಬೇರುಬಿಟ್ಟು, ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ ನಡೆಸುತ್ತಿದೆ. ಉಪಶಮನ ಆರೈಕೆಯನ್ನೂ ಕೈಗೆತ್ತಿಕೊಂಡು, ಮೈಸೂರಿನಲ್ಲಿ ರೋಗಿಯ ಮನೆಗೇ ಹೋಗಿ ನೋಡಿಕೊಳ್ಳುತ್ತದೆ.

ಇಂಥ ಆರೈಕೆ ಎಷ್ಟು ಸರಳ ಎಂಬುದನ್ನು ನಾನು ಕಂಡದ್ದು ದೊಡ್ಡಪ್ಪನ ಹಾಸಿಗೆಯ ಪಕ್ಕ. ಹುಣ್ಣಿನ ವಾಸನೆಗೆ ಮೊಮ್ಮಕ್ಕಳು ಹತ್ತಿರ ಸುಳಿಯುತ್ತಿರಲಿಲ್ಲ. ಮನೆಗೆ ಬಂದ ನರ್ಸಮ್ಮ ಗಾಯ ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಉದುರಿಸಿದರು. ದಿನಗಳೆದಂತೆ ವಾಸನೆ ತಗ್ಗಿತು. ಮಕ್ಕಳು ಬಂದು ಹಾಸಿಗೆ ಹತ್ತಿದರು. ಆ ಚಿಟಿಕೆ ಪುಡಿ ಮಾಡಿದ ಉಪಕಾರ ನಾನು ಮರೆಯಲಾರೆ.

ನೋವಿಗೆ ಮಾರ್ಫಿನ್ ಎಂದಾಗ ‘ಚಟ ಹಿಡಿಯುತ್ತೆ’ ಎಂದು ನಾವು ಹೆದರಿದೆವು. ವೈದ್ಯರ ಲೆಕ್ಕದಂತೆ, ನಾಲ್ಕು ಗಂಟೆಗೊಮ್ಮೆ ತಪ್ಪದೆ ಕೊಟ್ಟರೆ ಆ ಭಯ ಬೇಡವೆಂದು ನರ್ಸಮ್ಮ ವಿವರಿಸಿದರು. ಜತೆಗೆ ಮಲಬದ್ಧತೆಗೂ ಮಾತ್ರೆ ಕೊಟ್ಟರು. ಮಾರ್ಫಿನ್ ಸಿಗುವುದೇ ದುರ್ಲಭವಾಗಿದ್ದ ಕಾಲವಿತ್ತು. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿಯಾದ ಮೇಲೆ ನಿಯಮ ಸಡಿಲಾಗಿದೆ.

‘ಅವರಿಗೆ ಹೇಳ್ಬೇಡಿ ಸಿಸ್ಟರ್’ ಎಂದು ದೊಡ್ಡಮ್ಮ ಬಾಗಿಲಲ್ಲೇ ಕೈಮುಗಿದಿದ್ದರು. ನರ್ಸಮ್ಮ ಏನನ್ನೂ ಹೇಳಲಿಲ್ಲ. ಪಕ್ಕದಲ್ಲಿ ಕೂತು, ‘ನಿಮ್ಮ ಕಾಯಿಲೆ ಏನೂಂತ ನಿಮಗನ್ಸುತ್ತೆ ಯಜಮಾನ್ರೆ?’ ಎಂದು ಕೇಳಿ ಸುಮ್ಮನಾದರು. ಬಹಳ ಹೊತ್ತಾದ ಮೇಲೆ ದೊಡ್ಡಪ್ಪ ತಾವೇ ಆ ಹೆಸರು ಹೇಳಿದರು. ದೊಡ್ಡಮ್ಮ ಅತ್ತರು, ಅವರ ಕೈ ಹಿಡಿದೇ ಅತ್ತರು.

ಅಂದು ರಾತ್ರಿ ಜಮೀನಿನ ಮಾತಾಯಿತು, ಸಾಲದ ಮಾತಾಯಿತು. ‘ಸಂಕ್ರಾಂತಿ ಹೊತ್ಗೆ ಚುಂಚನಕಟ್ಟೆ ಜಾತ್ರೆಗೊಂದ್ಸಲ ಕರ್ಕೊಂಡೋಗ್ರಪ್ಪ’ ಎಂದರು. ಕಾರಿನಲ್ಲಿ ಒರಗಿಸಿಕೊಂಡು ಹೋದೆವು. ದನಗಳ ಸಾಲಿನಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತಿನ ಮುಂದೆ ನಿಂತು, ಬೆನ್ನು ಸವರಿ, ಹಲ್ಲು ಹಿಡಿದು ನೋಡಿ, ಬೆಲೆ ಕೇಳಿದರು.